ಸೈಲೆನ್ಸರ್ ಆಮೇಲೆ, ಮೊದಲು ಬುಷ್

"ಇನ್ನೂ ಕೊಟ್ಟಿಲ್ವಾ ಸಾರ್ ಅದನ್ನ?" ನಮ್ಮ ಬೀದಿಯಲ್ಲಿ ಹಬ್ಬಕ್ಕೊಮ್ಮೆಯಾದರೂ ಯಾರಾದರೊಬ್ಬರು ಕೇಳುತ್ತಾರೆ. ಕೊಟ್ಟಿಲ್ಲ, ಕೊಡುವ ಯೋಚನೆಯೂ ಇಲ್ಲ. 2003ರ ಕೆಂಪು ಫಿಯೆಟ್ ಪಾಲಿಯೋ ಅದು, 1.6 ಲೀಟರ್ ಪೆಟ್ರೋಲ್ ಎಂಜಿನ್ನಿನ ಜಿಟಿಎಕ್ಸ್. ಮನೆಯವರ ಪ್ರಕಾರ ಗುಜರಿ, ನನ್ನ ಪ್ರಕಾರ ಕುದುರೆ. ತಿಂಗಳಲ್ಲಿ ಒಂದೆರಡು ದಿನ ಇಬ್ಬರ ಮಾತೂ ನಿಜವಾಗುತ್ತದೆ.

ಪಾಲಿಯೋ ನಮ್ಮ ದೇಶಕ್ಕೆ ಬಂದದ್ದು 2001ರಲ್ಲಿ. ಪದ್ಮಿನಿ ಕಾರುಗಳ ತವರಾದ ಮುಂಬಯಿಯ ಕುರ್ಲಾದಲ್ಲೇ ಇದೂ ತಯಾರಾಗುತ್ತಿತ್ತು. ಜಾಹೀರಾತಿಗೆ ಸಚಿನ್ ತೆಂಡೂಲ್ಕರ್. ಅವರ ಹೆಸರಿನಲ್ಲಿ ಎಸ್10 ಎಂಬ ವಿಶೇಷ ಆವೃತ್ತಿಯೂ ಬಂತು. ಮಾರುತಿ 800 ನಲವತ್ತರ ಆಸುಪಾಸಿನ ಅಶ್ವಶಕ್ತಿಯಲ್ಲಿ ಅರ್ಧ ದೇಶದ ಸಂಸಾರ ತೂಗಿಸುತ್ತಿದ್ದ ಕಾಲದಲ್ಲಿ ಈ ಪುಟ್ಟ ಗಾಡಿಗೆ 100 ಅಶ್ವಶಕ್ತಿ! ಆದರೆ ಕಾರು ಕೊಳ್ಳುವಾಗ ನಾವು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಕೊಡುತ್ತೆ?" ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನನ್ನದು ಲೀಟರಿಗೆ ಒಂಬತ್ತು ಕೊಟ್ಟ ದಿನ ಮನೆಯಲ್ಲಿ ಪಾಯಸ. ಆ ಪ್ರಶ್ನೆಯ ಮುಂದೆ ಪಾಲಿಯೋ ನಿಲ್ಲಲಿಲ್ಲ. ತಮಾಷೆ ನೋಡಿ, ಅದೇ ಫಿಯೆಟ್‌ನ 1.3 ಮಲ್ಟಿಜೆಟ್ ಡೀಸೆಲ್ ಎಂಜಿನ್ ಸ್ವಿಫ್ಟ್, ಇಂಡಿಕಾ ವಿಸ್ಟಾ ಎಂದು ಪರರ ಬಾನೆಟ್ಟಿನ ಕೆಳಗೆ 2020ರವರೆಗೂ ಓಡಿತು. ಮಗಳು ಹೋದ ಮನೆಗಳಲ್ಲೆಲ್ಲ ಚೆನ್ನಾಗಿ ಬಾಳಿದಳು. ಬೀಗ ಬಿದ್ದದ್ದು ತವರಿಗೆ.

ಈ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಕೊಂಡಾಗ ನನ್ನ ತಲೆಯಲ್ಲಿದ್ದದ್ದು ಫ್ರೀ ಫ್ಲೋ ಸೈಲೆನ್ಸರ್. ಗ್ಯಾರೇಜಿನ ಭಾಯ್ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಏನೂ ಹೇಳದೆ ಮುಂದಿನ ಚಕ್ರವನ್ನು ಜಾಕಿಗೆ ಎತ್ತಿ, ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಟಕ್ ಟಕ್ ಎಂದಿತು. ಕೆಳಗೆ ಲಿವರ್ ತೂರಿಸಿ ಲೋವರ್ ಆರ್ಮ್ ಮೀಟಿದರು. ಬುಷ್‌ನ ರಬ್ಬರು ಹಳಸಿದ ರೊಟ್ಟಿಯಂತೆ ಬಿರುಕು ಬಿಟ್ಟಿತ್ತು.

"ಸೈಲೆನ್ಸರ್ ಆಮೇಲೆ ಹಾಕ್ಸೋಣ ಸಾರ್, ಮೊದ್ಲು ಬುಷ್ ನೋಡಿ. ಕಾಲು ಮುರ್ಕೊಂಡೋನಿಗೆ ಯಾರಾದ್ರೂ ಗೆಜ್ಜೆ ಕಟ್ತಾರಾ?"

ಆ ಸಲದ ದುಡ್ಡೆಲ್ಲ ರಬ್ಬರಿಗೇ ಹೋಯಿತು. ಲೋವರ್ ಆರ್ಮ್ ಬುಷ್, ಎಂಜಿನ್ ಮೌಂಟಿಂಗ್, ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟ್, ಜೊತೆಗೆ ಲಿಂಕ್ ರಾಡ್, ಬಾಲ್ ಜಾಯಿಂಟ್, ಕೊನೆಗೆ ವೀಲ್ ಅಲೈನ್‌ಮೆಂಟ್. ಹೊರಗಿನಿಂದ ನೋಡಿದರೆ ಗಾಡಿ ಹಾಗೇ ಇತ್ತು. ಹೆಂಡತಿ ಬಿಲ್ಲು ನೋಡಿ, ಗಾಡಿ ನೋಡಿ, ಮತ್ತೆ ಬಿಲ್ಲು ನೋಡಿದಳು. ಆದರೆ ಭಾನುವಾರ ಬೆಳಗಿನ ಜಾವ ನೈಸ್ ರಸ್ತೆಯ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದಾಗ ನನಗೆ ಗೊತ್ತಾಯಿತು: ಇಷ್ಟು ದಿನ ನಾನು ಓಡಿಸುತ್ತಿದ್ದದ್ದು ಈ ಕಾರನ್ನಲ್ಲ, ಇದರ ಸಂಧಿವಾತವನ್ನು. ರಬ್ಬರಿಗೆ ಕಿಲೋಮೀಟರಿನ ಲೆಕ್ಕ ತಿಳಿಯದು, ವಯಸ್ಸಿನ ಲೆಕ್ಕ ಮಾತ್ರ. ನಿಂತಲ್ಲೇ ನಿಂತ ಗಾಡಿಯಲ್ಲೂ ಅದು ಸಾಯುತ್ತದೆ. ಟೈಮಿಂಗ್ ಬೆಲ್ಟಿನದೂ ಇದೇ ಕಥೆ. "ಬರೀ ಮೂವತ್ತು ಸಾವಿರ ಓಡಿದೆ" ಎಂದು ಹಿಗ್ಗುವವರು ಬೆಲ್ಟಿಗೆ ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕುವುದಿಲ್ಲ. 16 ವಾಲ್ವಿನ ಬಹುಪಾಲು ಎಂಜಿನ್ನುಗಳಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಆಮೇಲೆ ಬರುವ ಬಿಲ್ಲಿನಲ್ಲಿ ಹತ್ತು ಬೆಲ್ಟ್ ಬರುತ್ತಿತ್ತು.

ಬ್ರೇಕ್ ಆಯಿಲಿನ ಮಾತು ಬಂದರೆ ನನಗೆ ಚಾರ್ಮಾಡಿ ನೆನಪಾಗುತ್ತದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿಯುತ್ತಿದ್ದೆ. ಅರ್ಧ ದಾರಿಯಲ್ಲಿ ಪೆಡಲ್ ಸ್ಪಂಜಿನಂತೆ ಒಳಗೆ ಹೋಯಿತು. ಎರಡನೇ ಗೇರಿಗೆ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹೇಗೋ ಬದಿಗೆ ನಿಲ್ಲಿಸಿದೆ. ತಪ್ಪು ಪೂರ್ತಿ ನನ್ನದೇ. ನಾಲ್ಕು ವರ್ಷ ಆಯಿಲ್ ಬದಲಿಸಿರಲಿಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರನ್ನು ಹೀರುತ್ತಲೇ ಇರುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿಯ ಬಿಸಿಯಲ್ಲಿ ಅದು ಕುದ್ದು ಗುಳ್ಳೆಯೆದ್ದರೆ ನೀವು ಒತ್ತುವುದು ಬ್ರೇಕನ್ನಲ್ಲ, ಗುಳ್ಳೆಯನ್ನು. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಒಂದು ಕುಟುಂಬದ ಹೋಟೆಲ್ ಊಟದಷ್ಟೂ ಖರ್ಚಾಗದು.

ಹಾಗಾದರೆ ಗಾಡಿಗೆ ಏನೂ ಮಾಡಿಸಲೇ ಇಲ್ಲವೇ? ಮಾಡಿಸಿದ್ದೇನೆ, ಎರಡು. ಮೊದಲನೆಯದು ಟೈರು. ಟೈರಿನ ಬದಿಯ ಅಂಕಿಗಳನ್ನು ಓದಲು ಶಾಲೆಯ ಗುಣಾಕಾರ ಸಾಕು. 175/65 ಎಂದರೆ ಅಗಲ 175 ಮಿಲಿಮೀಟರ್, ಎತ್ತರ ಅದರ ಶೇ 65. ಹದಿನಾಲ್ಕು ಇಂಚಿನ ಚಕ್ರಕ್ಕೆ ಅದು ಬಂದರೆ ಒಟ್ಟು ವ್ಯಾಸ 583 ಮಿಲಿಮೀಟರ್. ಅದೇ ಚಕ್ರಕ್ಕೆ 185/60 ಹಾಕಿದರೆ 577 ಚಿಲ್ಲರೆ. ವ್ಯತ್ಯಾಸ ಶೇ 1ರೊಳಗೆ. ಸ್ಪೀಡೋಮೀಟರ್ ಸುಳ್ಳು ಹೇಳದು, ಟೈರು ಮಡ್‌ಗಾರ್ಡಿಗೆ ಉಜ್ಜದು, ಹಿಡಿತ ಮಾತ್ರ ಹೆಚ್ಚುತ್ತದೆ. ಅಂಗಡಿಯವರು "205 ಹಾಕಿ ಸಾರ್, ಲುಕ್ ಬರುತ್ತೆ" ಎಂದರೆ ಕೈಮುಗಿದು ಬನ್ನಿ. ಬರುವ ಮೊದಲು ನಾಲ್ಕಂಕಿಯ ತಾರೀಕನ್ನೂ ನೋಡಿ: 2319 ಎಂದಿದ್ದರೆ ಅದು 2019ರ 23ನೇ ವಾರದ ಟೈರು. ಹೊಸದರ ಬೆಲೆಗೆ ಹಳೆಯದನ್ನು ಹೊತ್ತು ತರಬೇಡಿ.

ಎರಡನೆಯದು ಹೆಡ್‌ಲೈಟಿಗೆ ರಿಲೇ. ಹಳೆ ಗಾಡಿಗಳಲ್ಲಿ ಬಲ್ಬಿನ ಕರೆಂಟೆಲ್ಲ ಸ್ಟಿಯರಿಂಗ್ ಬಳಿಯ ಸ್ವಿಚ್ಚಿನ ಮೂಲಕ, ಸಣ್ಣ ವೈರಿನಲ್ಲಿ ಸುತ್ತಿ ಬರುತ್ತದೆ. ದಾರಿಯಲ್ಲಿ ವೋಲ್ಟೇಜು ಸೋರುತ್ತದೆ. ವೋಲ್ಟೇಜು ಶೇ 10ರಷ್ಟು ಇಳಿದರೆ ಹ್ಯಾಲೊಜೆನ್ ಬಲ್ಬಿನ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆದು, ನಡುವೆ ಫ್ಯೂಸು, ರಿಲೇ ಕೂರಿಸಿದರೆ ಅದೇ 60/55 ವಾಟ್ ಬಲ್ಬು ದಾರಿ ಕಾಣಿಸುತ್ತದೆ. ನೂರು ವಾಟಿನ ಬಲ್ಬು ಹಾಕಿ ಹೋಲ್ಡರ್ ಕರಗಿಸಿಕೊಂಡವರನ್ನೂ, ಬಿಳಿ ಎಲ್‌ಇಡಿ ಹಾಕಿ ಎದುರಿನವರ ಕಣ್ಣು ಕುರುಡು ಮಾಡುವವರನ್ನೂ ದಿನಾ ನೋಡುತ್ತೇವೆ. ಅವರಿಗೆ ದಾರಿ ಚೆನ್ನಾಗಿ ಕಾಣುತ್ತದೇನೋ, ನಾವು ಕಾಣುವುದಿಲ್ಲ.

ಪಕ್ಕದ ಮನೆಯ ಹುಡುಗನ ಹತ್ತಿರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಇದೆ. ನನ್ನ ಪಾಲಿಯೋಗೆ ಮೊಮ್ಮಗನಾಗಬೇಕು. ಟರ್ಬೊ ಎಂಜಿನ್. "ಅಂಕಲ್, ರೀಮ್ಯಾಪ್ ಮಾಡಿಸ್ಲಾ?" ಎಂದು ಕೇಳಿದ. ಟರ್ಬೊ ಇರುವ ಎಂಜಿನ್ನಿಗೆ ಸಾಫ್ಟ್‌ವೇರ್ ಬದಲಿಸಿದರೆ ಬಲ ನಿಜಕ್ಕೂ ಹೆಚ್ಚುತ್ತದೆ, ನನ್ನ ಗಾಡಿಯಂಥ ಟರ್ಬೊ ಇಲ್ಲದ ಎಂಜಿನ್ನಿಗೆ ಹೆಚ್ಚುವುದು ಬಿಲ್ಲು ಮಾತ್ರ. ಆದರೆ ಆ ಹೆಚ್ಚಿನ ಬಲವನ್ನು ಕ್ಲಚ್ಚು, ಗೇರ್‌ಬಾಕ್ಸು ಹೊರಬೇಕು. ವಿಮಾ ಕಂಪನಿಗೂ ತಿಳಿಸಬೇಕು. ತಿಳಿಸದೆ ಅಪಘಾತವಾದರೆ ಕ್ಲೇಮಿನ ಹೊತ್ತಿಗೆ ತಕರಾರು ಶುರುವಾಗುತ್ತದೆ. "ನಿನ್ನ ಟೈರಿಗೆಷ್ಟು ವರ್ಷ ಆಯ್ತಪ್ಪಾ?" ಎಂದೆ. ಅವನಿಗೆ ಗೊತ್ತಿರಲಿಲ್ಲ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟು ಆರ್‌ಸಿಯಲ್ಲಿ ದಾಖಲಾದ ವಿವರಗಳಿಗೆ ವ್ಯತಿರಿಕ್ತವಾಗಿ ಗಾಡಿ ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯೂ ಬಂತು: ಒಂದೊಂದು ಅಕ್ರಮ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸೈಲೆನ್ಸರ್ ವಿಷಯದಲ್ಲಿ ನಾನು ಪೊಲೀಸರ ಪಕ್ಷ. ನಮ್ಮ ರಾಜ್ಯದ ಹಲವು ಊರುಗಳಲ್ಲಿ ಕಿವಿಗಡಚಿಕ್ಕುವ ಸೈಲೆನ್ಸರುಗಳನ್ನು ಕಿತ್ತು, ಸಾಲಾಗಿ ಮಲಗಿಸಿ, ರೋಡ್ ರೋಲರ್ ಹತ್ತಿಸಿದ್ದಾರೆ. ಆ ಫೋಟೋ ಕಂಡಾಗೆಲ್ಲ ಹಿಂದೊಮ್ಮೆ ಅದನ್ನೇ ಬಯಸಿದ್ದ ನಾನು ಸಣ್ಣಗೆ ನಾಚುತ್ತೇನೆ. ನನ್ನ ತಕರಾರು ಬೇರೆ. ಆ ಸೈಲೆನ್ಸರನ್ನು ಹಾಡಹಗಲೇ ಬಿಲ್ಲು ಹಾಕಿ ಮಾರಿದವನ ಅಂಗಡಿಗೆ ರೋಲರ್ ಹೋಗುವುದಿಲ್ಲ.

ಶುಲ್ಕದ ಕಥೆ ಕೇಳಿ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2018ರಲ್ಲಿ ನಾನು ಕಟ್ಟಿದ್ದು 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5,000 ಆಯಿತು, 2023ರಲ್ಲಿ ಕಟ್ಟಿದೆ. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಎಂದರು, 2028ರಲ್ಲಿ ಕಟ್ಟಬೇಕು. ಹಸಿರು ತೆರಿಗೆ ಬೇರೆ. ಎಂಜಿನ್ 1500 ಸಿಸಿ ದಾಟಿದ್ದಕ್ಕೆ ಥರ್ಡ್ ಪಾರ್ಟಿ ವಿಮೆಯೂ ಭಾರ: 2022ರ ಜೂನ್‌ನಲ್ಲಿ ನಿಗದಿಯಾದ ದರದಲ್ಲಿ ಅದು ವರ್ಷಕ್ಕೆ 7,897 ರೂಪಾಯಿ; 1000ದಿಂದ 1500ರೊಳಗಿದ್ದರೆ 3,416. ಕಟ್ಟೋಣ, ಚಟಕ್ಕೆ ಚಂದಾ ಕಟ್ಟುವುದು ನ್ಯಾಯವೇ. ಆದರೆ ಆ ಐದು ಸಾವಿರಕ್ಕೆ ನಡೆದ ತಪಾಸಣೆ ಎಂಥದ್ದು? ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದ ಪ್ರತಿ ನೋಡಿದರು. ಲೈಟ್ ಹಾಕಿಸಿದರು, ಹಾರ್ನ್ ಒತ್ತಿಸಿದರು. ಬ್ರೇಕ್ ಪೆಡಲಿನ ಮೇಲೆ ಯಾರೂ ಕಾಲಿಡಲಿಲ್ಲ. ಸ್ವಯಂಚಾಲಿತ ತಪಾಸಣಾ ಕೇಂದ್ರಗಳ ನಿಯಮ 2021ರಲ್ಲೇ ಬಂದಿದೆ. ನನ್ನ ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ ಬ್ರೇಕ್ ಅಳೆಯಿರಿ, ಹೆಡ್‌ಲೈಟಿನ ಎತ್ತರ ಅಳೆಯಿರಿ, ಹೊಗೆ ಅಳೆಯಿರಿ. ಫೇಲಾದರೆ ಗುಜರಿಗೆ ನಾನೇ ತಳ್ಳಿಕೊಂಡು ಹೋಗುತ್ತೇನೆ. ಹುಟ್ಟಿದ ವರ್ಷ ನೋಡಿ ದುಡ್ಡು ಏರಿಸುವುದು ತಪಾಸಣೆಯಲ್ಲ, ವಸೂಲಿ.

ಪೆಟ್ರೋಲಿನದು ಹೊಸ ತಲೆನೋವು. ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿಯಲ್ಲಿ. ಹಳೆಯ ಕೆಲವು ಗಾಡಿಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ ಆಮೇಲೆ ಹೇಳಿದೆ. ನಾನು ಪೆಟ್ರೋಲ್ ಹೋಸುಗಳನ್ನು ಬದಲಿಸಿದೆ. ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂದರೆ ನೀವೂ ಅಲ್ಲಿಂದಲೇ ಹುಡುಕಿ. ಬೆಂಕಿಗೆ ಕಾರಿನ ಮೇಲೆ ಪ್ರೀತಿಯಿಲ್ಲ.

"ಸ್ಪೇರ್ ಎಲ್ಲಿ ಸಿಗುತ್ತೆ?" ಎನ್ನುವವರಿಗೆ ಭಾಯ್ ಕಲಿಸಿದ ಒಂದು ಉಪಾಯ. ಆಲ್ಟರ್ನೇಟರ್ ಕಿರುಗುಟ್ಟಿದಾಗ ಅವರು ಫಿಯೆಟ್ ಭಾಗ ಹುಡುಕಲಿಲ್ಲ. ಬೇರಿಂಗ್ ಬಿಚ್ಚಿ, ಒರೆಸಿ, ಅದರ ಅಂಚಿನ ನಂಬರ್ ಓದಿಸಿದರು. 6203. ಒಳಗೆ 17 ಮಿಲಿಮೀಟರ್, ಹೊರಗೆ 40, ದಪ್ಪ 12. ಪ್ರಪಂಚದ ಯಾವ ಕಂಪನಿ ಮಾಡಿದರೂ ಅಷ್ಟೇ. ಬೇರಿಂಗ್ ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಸಿಕ್ಕಿತು. ಆಯಿಲ್ ಸೀಲ್ ಕೂಡ ಹಾಗೇ, ಅಳತೆ ಹೇಳಿದರೆ ಸಾಕು. ಕಂಪನಿಯ ಹೆಸರು ಹೇಳಿದರೆ ಇಲ್ಲ ಎನ್ನುವ ಜೆ.ಸಿ. ರಸ್ತೆ, ನಂಬರ್ ಹೇಳಿದರೆ ಕೂರಿಸಿ ಚಹಾ ತರಿಸುತ್ತದೆ.

ನಂಬರಿನಿಂದ ಸಿಗದ ವಸ್ತುವೂ ಉಂಟು. ಹೋದ ತಿಂಗಳು ಪಾರ್ಕಿಂಗಿನಲ್ಲಿ ಯಾವುದೋ ಸ್ಕೂಟರ್ ತಗುಲಿ ಎಡ ಹಿಂಬದಿಯ ಲೈಟು ಒಡೆದಿದೆ. ಕೆಂಪು ಟೇಪು ಹಚ್ಚಿ ಓಡಿಸುತ್ತಿದ್ದೇನೆ, ಅದೂ ತಪ್ಪೇ. ಶಿವಾಜಿನಗರದ ಗುಜರಿಯಲ್ಲಿ ಮೂರು ಶನಿವಾರ ಕಳೆದೆ, ಸಿಕ್ಕಲಿಲ್ಲ. ಹಿತ್ತಲಲ್ಲೋ ಹಲಸಿನ ಮರದ ಕೆಳಗೋ ಹಳೆ ಪಾಲಿಯೋ ಕೆಟ್ಟು ನಿಂತಿರುವ ಓದುಗರು ಯಾರಾದರೂ ಇದ್ದರೆ ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಎಡಗಡೆಯದು, ಮೊದಲ ಮಾದರಿಯದು. ಬಿಚ್ಚಿಕೊಳ್ಳಲು ಸ್ಕ್ರೂ ಡ್ರೈವರ್ ನಾನೇ ತರುತ್ತೇನೆ.