ಭುಜಕ್ಕೆ ಹೊಲಿಗೆ ಹಾಕ್ಸೋಕೆ ಮುಂಚೆ, ಮುದ್ದೆ ಯಾರು ತಿರುವ್ತಾರೆ ಕೇಳಿ

ಗೂಳೂರಲ್ಲಿ ನಮ್ಮ ಬೀದಿಯ ಯಾವ ಜಗುಲಿ ಮೇಲೆ ಕೂತರೂ ಈಗ ಭುಜದ ಮಾತೇ. ಒಬ್ರಿಗೆ ಜಡೆ ಹಾಕ್ಕೊಳ್ಳೋಕೆ ಕೈ ಹೋಗಲ್ಲ, ಇನ್ನೊಬ್ರಿಗೆ ಅಟ್ಟದಿಂದ ಡಬ್ಬ ಇಳಿಸೋಕಾಗಲ್ಲ, ಮತ್ತೊಬ್ರಿಗೆ ರಾತ್ರಿ ಆ ಮಗ್ಗುಲಿಗೆ ಮಲಗೋಂಗಿಲ್ಲ. ತುಮಕೂರಿಗೆ ಹೋಗಿ ಎಂಆರ್‌ಐ ಮಾಡ್ಸಿದ್ರೆ "ರೊಟೇಟರ್ ಕಫ್ ಹರಿದೈತೆ" ಅಂತಾರೆ. ಆಮೇಲೆ ಎಲ್ಲರೂ ಕೇಳೋದು ಒಂದೇ: "ಆಪರೇಷನ್ ಮಾಡ್ಸಿದ್ರೆ ಎಷ್ಟು ವರ್ಷ ಬಾಳಿಕೆ ಬರ್ತದೆ?" ನನ್ನ ಮಾತು ಕೇಳೋದಾದ್ರೆ, ಅದಕ್ಕೂ ಮುಂಚೆ ಮನೆಯವರನ್ನ ಇನ್ನೊಂದು ಕೇಳ್ಬೇಕು: ಆಪರೇಷನ್ ಆದ ಮೇಲಿನ ಆರು ತಿಂಗಳು ಕೆಲಸ ಯಾರು ಮಾಡ್ತಾರೆ?

ಮೊದಲು ಹರಿಯೋದು ಏನು ಅಂತ ತಿಳ್ಕೊಳ್ಳೋಣ. ತೋಳಿನ ಮೂಳೆಯ ಗುಂಡನ್ನ ನಾಲ್ಕು ಸ್ನಾಯುಗಳು ಸುತ್ತಲಿಂದ ಹಿಡ್ಕೊಂಡಿರ್ತವೆ. ಅವು ಮೂಳೆಗೆ ಅಂಟಿರೋ ಜಾಗ ವಯಸ್ಸಾದಂಗೆ ಸವೆದು ಬಿಟ್ಕೊಳ್ತದೆ, ಹಳೇ ರವಿಕೆಯ ಕಂಕುಳ ಹೊಲಿಗೆ ಬಿಟ್ಟಂಗೆ. ಜಪಾನಿನ ಒಂದು ಹಳ್ಳಿಯಲ್ಲಿ 664 ಜನಕ್ಕೆ ಸ್ಕ್ಯಾನ್ ಮಾಡಿದಾಗ ಐದರಲ್ಲಿ ಒಬ್ಬರಿಗಿಂತ ವಸಿ ಹೆಚ್ಚು ಜನಕ್ಕೆ ಪೂರ್ತಿ ಹರಿದಿತ್ತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನಕ್ಕೆ ನೋವೇ ಇರಲಿಲ್ಲ! ಹಂಗಾಗಿ ರಿಪೋರ್ಟ್ ನೋಡಿ ಹೆದರ್ಕೋಬೇಡಿ. ಇನ್ನೊಂದು, ಶುಗರ್ ಇರೋರಿಗೆ ಭುಜ ಹಿಡ್ಕೊಳ್ಳೋದು ಬೇರೆ ಕಾಯಿಲೆ. ಅದರಲ್ಲಿ ಬೇರೆಯವರು ಎತ್ತಿದ್ರೂ ಕೈ ಮೇಲಕ್ಕೆ ಹೋಗಲ್ಲ. ಹರಿದಿದ್ರೆ ಸಾಮಾನ್ಯವಾಗಿ ಬೇರೆಯವರು ಎತ್ತಿದ್ರೆ ಹೋಗ್ತದೆ, ನಾವೇ ಎತ್ತಿ ಹಿಡಿಯೋಕೆ ಬಲ ಇರಲ್ಲ. ಯಾವುದು ಅಂತ ಡಾಕ್ಟ್ರನ್ನ ಬಿಡಿಸಿ ಕೇಳಿ.

ಈಗ ಬಾಳಿಕೆ ವಿಷಯ. ನಾರ್ವೆ ದೇಶದಲ್ಲಿ 3 ಸೆಂಟಿಮೀಟರ್ ಒಳಗಿನ ಹರಿತ ಇದ್ದ 103 ಜನರನ್ನ ಎರಡು ಗುಂಪು ಮಾಡಿದ್ರು. ಅರ್ಧ ಜನಕ್ಕೆ ಹೊಲಿಗೆ, ಇನ್ನರ್ಧ ಜನಕ್ಕೆ ಬರೀ ಫಿಸಿಯೋ ವ್ಯಾಯಾಮ. 10 ವರ್ಷ ಬಿಟ್ಟು ನೋಡಿದಾಗ ಹೊಲಿಗೆ ಹಾಕ್ಸಿದವರು 100ಕ್ಕೆ ಸುಮಾರು 10 ಅಂಕ ಮುಂದಿದ್ರು. ಆದ್ರೆ ವ್ಯಾಯಾಮದ 51 ಜನರಲ್ಲಿ ಆಮೇಲೆ ಆಪರೇಷನ್ ಬೇಕೇ ಬೇಕು ಅಂತ ಬಂದೋರು 14 ಜನ ಮಾತ್ರ. ಫಿನ್ಲೆಂಡಿನಲ್ಲಿ 55 ದಾಟಿದ, ಬೀಳದೆ ಏಳದೆ ತಾನಾಗಿ ಸವೆದು ಹರಿದ ಭುಜದವರನ್ನ ನೋಡಿದ್ರು. ಅಲ್ಲಿ 5 ವರ್ಷ ಕಳೆದ್ರೂ ಹೊಲಿಗೆಗೂ ವ್ಯಾಯಾಮಕ್ಕೂ ಹೇಳ್ಕೊಳ್ಳೋ ಅಂತರ ಕಾಣಲಿಲ್ಲ. ಅದಕ್ಕೇ ವಯಸ್ಸಾದ ನಮ್ಮ ಅಮ್ಮಂದಿರು, ಅತ್ತೆಯಂದಿರು ಮೊದಲು ಮೂರು ತಿಂಗಳು ಕ್ರಮವಾಗಿ ವ್ಯಾಯಾಮ ಮಾಡಿ ನೋಡೋದ್ರಲ್ಲಿ ನಷ್ಟ ಇಲ್ಲ. ಎಣ್ಣೆ ತಿಕ್ಕೋದು ಆ ಲೆಕ್ಕಕ್ಕೆ ಬರಲ್ಲ, ಫಿಸಿಯೋದವರು ಹೇಳ್ಕೊಟ್ಟಂಗೆ ದಿನಾ ಮಾಡ್ಬೇಕು.

ಬಚ್ಚಲಲ್ಲಿ ಜಾರಿ ಬಿದ್ದೋ, ಸ್ಕೂಟರಿಂದ ಬಿದ್ದೋ, ನಿನ್ನೆವರೆಗೂ ಏಳ್ತಿದ್ದ ಕೈ ಇವತ್ತು ಏಳ್ತಿಲ್ಲ ಅಂದ್ರೆ ಮಾತ್ರ ಕಾಯಬೇಡಿ. "ಹಬ್ಬ ಮುಗೀಲಿ, ಅಡಿಕೆ ಕೊಯ್ಲು ಮುಗೀಲಿ" ಅಂತ ತಿಂಗಳುಗಟ್ಟಲೆ ತಳ್ಳಿದ್ರೆ ಹರಿದ ತುದಿ ಹಿಂದಕ್ಕೆ ಸರೀತದೆ, ಸ್ನಾಯು ಬಡವಾಗಿ ಕೊಬ್ಬು ತುಂಬ್ಕೊಳ್ತದೆ. ಆಮೇಲೆ ಎಷ್ಟೇ ಒಳ್ಳೇ ಡಾಕ್ಟ್ರಾದ್ರೂ ಎಳೆದು ಹೊಲಿಯೋದು ಕಷ್ಟ.

ಹೊಲಿಗೆನೂ ಮತ್ತೆ ಬಿಟ್ಕೊಳ್ತದೆ, ಇದನ್ನ ಯಾರೂ ಬಾಯಿ ಬಿಟ್ಟು ಹೇಳಲ್ಲ. ಅಮೆರಿಕದಲ್ಲಿ ದೊಡ್ಡ ಹರಿತಕ್ಕೆ ಕೀಹೋಲ್ ಆಪರೇಷನ್ ಆದ 18 ಜನರನ್ನ ಸ್ಕ್ಯಾನ್ ಮಾಡಿದಾಗ 17 ಜನಕ್ಕೆ ಮತ್ತೆ ಹರಿದಿತ್ತು. ಹಂಗಿದ್ರೂ ಒಂದು ವರ್ಷಕ್ಕೆ ಹೆಚ್ಚಿನವರ ನೋವು ಕಡಿಮೆ ಆಗಿತ್ತು, ಎರಡನೇ ವರ್ಷಕ್ಕೆ ಆ ಸುಖ ವಸಿ ಇಳೀತು. ಚಿಕ್ಕ ಹರಿತ ಇಷ್ಟು ಬಿಟ್ಕೊಳ್ಳಲ್ಲ. ವಯಸ್ಸು, ಹತೋಟಿಗೆ ಬರದ ಶುಗರ್, ಬೀಡಿ ಸಿಗರೇಟು ಇವು ಗಾಯ ಕೂಡೋಕೆ ಅಡ್ಡಿ. ಬಿಟ್ಕೊಳ್ಳೋದು ಹೆಚ್ಚಾಗಿ ಮೊದಲ ಆರು ತಿಂಗಳೊಳಗೇ.

ಇಲ್ಲೇ ನನ್ನ ತಕರಾರು ಇರೋದು. ನಮ್ಮ ಭಾವನವರಿಗೆ ಮೊಣಕಾಲು ಆಪರೇಷನ್ ಆದಾಗ ಮೂರು ತಿಂಗಳು ತಟ್ಟೆ ಅವರಿದ್ದ ತಾವೇ ಹೋಯ್ತು. ನಮ್ಮ ವಾರಗಿತ್ತಿಗೆ ಭುಜದ ಆಪರೇಷನ್ ಆದಾಗ ಆರು ವಾರ ಕೈಗೆ ಪಟ್ಟಿ ಕಟ್ಕೊಂಡು ಸುಮ್ನಿರು ಅಂದಿದ್ರು. ನಾಲ್ಕನೇ ವಾರಕ್ಕೆ ಮನೆಗೆ ನೆಂಟರು ಬಂದ್ರು, ಅವಳು ಪಟ್ಟಿ ಬಿಚ್ಚಿಟ್ಟು ಮುದ್ದೆ ಕೋಲು ಹಿಡಿದ್ಲು. "ಎಡಗೈಲಿ ಮಾಡ್ತೀನಿ ಅಂದ್ಲಲ್ಲ" ಅಂತಾರೆ ಮನೆಯವರು. ಎಡಗೈಲಿ ಮುದ್ದೆ ತಿರುವಿದೋರನ್ನ ನೀವು ಎಲ್ಲಾದ್ರೂ ನೋಡಿದ್ದೀರಾ? ಖರ್ಚು ಮಾಡಿದ್ದು ಲೆಕ್ಕಕ್ಕೆ ಬಂತು, ಆ ಕೋಲು ಬರಲಿಲ್ಲ. "ಆಪರೇಷನ್ ಫೇಲಾಯ್ತು" ಅಂತ ಊರೆಲ್ಲ ಹೇಳ್ಕೊಂಡು ಬಂದ್ರು.

ನಮ್ಮೂರ ಗಣಪನ್ನೇ ನೋಡಿ. ಚೌತಿ ದಿನ ಕೆರೆ ಮಣ್ಣು ತಂದು ಶುರು ಮಾಡಿದ್ರೆ ಪೂಜೆಗೆ ಕೂರೋದು ಬಲಿಪಾಡ್ಯಮಿಗೆ. ಹಸಿ ಮಣ್ಣನ್ನ ಯಾರೂ ಅವಸರಪಡಿಸಲ್ಲ. ಹೊಲಿದ ಭುಜವೂ ಹಂಗೇ ಹಸಿ. ಮೊದಲ ಆರು ವಾರ ಕೈ ತಾನಾಗಿ ಎತ್ತೋಂಗಿಲ್ಲ, ಬಲ ಬರೋ ವ್ಯಾಯಾಮ ಸಾಮಾನ್ಯವಾಗಿ ಮೂರು ತಿಂಗಳ ಮೇಲೆ, ಭಾರದ ಕೆಲಸ ಆರು ತಿಂಗಳ ಮೇಲೆ.

ಹಂಗಾಗಿ ಅಕ್ಕಂದಿರೇ, ಆಪರೇಷನ್ ತಾರೀಖು ಗೊತ್ತು ಮಾಡೋ ಮುಂಚೆ ಗಂಡ, ಮಗ, ಸೊಸೆ ಎಲ್ಲರನ್ನೂ ಕೂರಿಸ್ಕೊಂಡು ಮಾತಾಡಿ. ನೀರು ಯಾರು ಎತ್ತೋದು, ಹಾಲು ಯಾರು ಕರೆಯೋದು, ಬಟ್ಟೆ ಯಾರು ಹರವೋದು, ಮುದ್ದೆ ಯಾರು ತಿರುವೋದು, ವಾರಕ್ಕೆ ಎರಡು ಸಲ ಫಿಸಿಯೋಗೆ ತುಮಕೂರಿಗೆ ಯಾರು ಕರ್ಕೊಂಡು ಹೋಗೋದು, ಹೆಸರು ಹಿಡಿದು ತೀರ್ಮಾನ ಆಗ್ಲಿ. ಯಾರೂ ಒಪ್ಪಲಿಲ್ಲ ಅಂದ್ರೆ, ಬಿದ್ದು ಹರಿದಿದ್ದಲ್ಲ ಅಂದ್ರೆ, ಡಾಕ್ಟ್ರನ್ನ ಕೇಳ್ಕೊಂಡು ವ್ಯಾಯಾಮದಲ್ಲೇ ಮುಂದುವರೀರಿ. ಬಿದ್ದು ಹರಿದಿದ್ರೆ ಮನೆಯವರು ಒಪ್ಪಲೇಬೇಕು, ಅದಕ್ಕೆ ನಾವು ನೆರೆಹೊರೆಯವರೂ ಹೋಗಿ ಜೊತೇಲಿ ಕೂತು ಹೇಳೋಣ.