ಲೈಕು ಬಾಡಿಗೆ ಕಟ್ಟುವುದಿಲ್ಲ

‘ನೌಕರಿ ಬಿಟ್ಟು ಬರೆಯಿರಿ, ಆನ್‌ಲೈನ್ ಓದುಗರ ಬಳಗ ನಿಮ್ಮನ್ನು ಸಾಕುತ್ತದೆ’ ಎಂದು ತಮ್ಮ ಲೇಖನದಲ್ಲಿ ಉಪದೇಶಿಸಿದ ಲೇಖಕರು ಮುಂಬಯಿಯ ಘಾಟ್ಕೋಪರಿನಲ್ಲಿ ಖೋಲಿಗೆ ಡಿಪಾಸಿಟ್ಟು ಕೊಟ್ಟವರಲ್ಲ. ‘ಶಿಕಾರಿ’ ಬರೆದ ಯಶವಂತ ಚಿತ್ತಾಲರು ಇದೇ ಮುಂಬಯಿಯಲ್ಲಿ ಕಂಪನಿಯ ಇಂಜಿನಿಯರಾಗಿದ್ದರು. ಇಲ್ಲಿದ್ದಾಗ ಕತೆಗಾರ ಜಯಂತ ಕಾಯ್ಕಿಣಿ ಔಷಧ ಕಂಪನಿಯ ನೌಕರರಾಗಿದ್ದರು. ಅದು ಹೇಡಿತನವಲ್ಲ, ಲೆಕ್ಕ. ಬರಹವನ್ನೇ ನೆಚ್ಚಿದ ಹಳೆಯ ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ಅಲೆದರು. ಈಗ ಗಂಟು ಮೊಬೈಲಿನೊಳಗಿದೆ, ನಿಜ. ಹೊರುವುದು ತಪ್ಪಿದೆಯೇ? ದಿನಾ ಪೋಸ್ಟು, ವಾರಕ್ಕೊಂದು ಲೈವು, ವಾಟ್ಸಾಪ್ ಗುಂಪಿನ ಶುಭೋದಯಕ್ಕೆಲ್ಲ ಉತ್ತರ (ಬರೆಯುವುದು ಯಾವಾಗಲೋ!). ಬೆನ್ನು ತಟ್ಟುವ ಬಳಗವೇ ಚಂದಾ ಎಂದೊಡನೆ ‘ಪಿಡಿಎಫ್ ಕಳಿಸಿ ಸಾರ್’ ಎನ್ನುತ್ತದೆ. ಬಳಗ ಬೇಡವೆನ್ನುತ್ತಿಲ್ಲ. ಮುಂಗಡ ಹಣ ಕೊಡುವ ಓದುಗರೆಷ್ಟು, ಆ್ಯಪಿನವರು ಮುರಿದುಕೊಳ್ಳುವ ಪಾಲೆಷ್ಟು, ಇದನ್ನು ಆ ಲೇಖಕರು ಮುಂದಿನ ಲೇಖನದಲ್ಲಿ ಬರೆಯಲಿ.