ವೈದ್ಯರ ಮೇಲಿನ ದೂರು: ರಾಜಿ ಎಲ್ಲಿಯವರೆಗೆ?

ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳ್ಳಿಗಳಲ್ಲಿ ವ್ಯಾಜ್ಯವನ್ನು ಹಿರಿಯರ ಮುಂದೆ ಬಗೆಹರಿಸಿಕೊಳ್ಳುವುದು ಹಳೆಯ ರೂಢಿ. ವೈದ್ಯರ ಮೇಲಿನ ದೂರಿಗೂ ಅದು ಸಲ್ಲುವುದೇ?

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಉಭಯ ಪಕ್ಷಗಳು ಒಪ್ಪಿದರೆ ಜಿಲ್ಲಾ ಆಯೋಗವು ದೂರನ್ನು ಮಧ್ಯಸ್ಥಿಕೆಗೆ ಒಪ್ಪಿಸಬಹುದು. ಹೆಚ್ಚುವರಿ ಬಿಲ್ಲು, ದಾಖಲೆ ನೀಡದಿರುವುದು ಮೊದಲಾದ ತಕರಾರುಗಳಿಗೆ ಇದು ಹಿತಕರ ಮಾರ್ಗ. ಅಲೆದಾಟ ತಪ್ಪುತ್ತದೆ, ವೈದ್ಯ–ರೋಗಿಗಳ ನಡುವಣ ನಂಬಿಕೆಯೂ ಉಳಿಯುತ್ತದೆ.

ಆದರೆ ವೈದ್ಯಕೀಯ ನಿರ್ಲಕ್ಷ್ಯದಿಂದ ಸಾವು ಅಥವಾ ತೀವ್ರ ಗಾಯ ಸಂಭವಿಸಿದ ಪ್ರಕರಣಗಳನ್ನು 2020ರ ಮಧ್ಯಸ್ಥಿಕೆ ನಿಯಮಗಳು ಹೊರಗಿರಿಸಿವೆ. ಇದು ಉಚಿತವೆಂದೇ ನಮ್ಮ ಅಭಿಪ್ರಾಯ. ಆಸ್ಪತ್ರೆಯ ಬಾಗಿಲಲ್ಲೇ ಹಣ ಕೊಟ್ಟು ಮುಗಿಸಿದರೆ ತಪ್ಪು ಬಯಲಾಗದು. ಮುಂದಿನ ರೋಗಿಗೆ ರಕ್ಷಣೆ ದೊರೆಯದು. ಅಂಥ ದೂರು ಜಿಲ್ಲಾ ಗ್ರಾಹಕರ ಆಯೋಗ ಇಲ್ಲವೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಮುಂದೆ ವಿಚಾರಣೆಗೊಳ್ಳಬೇಕು. ನೊಂದ ಕುಟುಂಬವನ್ನು ಅಲ್ಲಿಗೆ ತಲುಪಿಸುವುದೇ ಊರ ಹಿರಿಯರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.